ಪೀಠದ ಲಾಂಛನ, ಗೋಡೆಯ ಕೊಂಬು



ಪ್ರತಿಷ್ಠೆಗೊಳ್ಳುವ ಬಿಂಬ ಯಾವ ತೀರ್ಥಂಕರರದೆಂಬುದನ್ನು ಭಕ್ತರು ಅರಿಯುವುದು ಬಹುಮಟ್ಟಿಗೆ ಪೀಠದ ಲಾಂಛನದಿಂದ. ಮುಖಮುದ್ರೆ ಒಂದೇ, ನಾಸಾಗ್ರದೃಷ್ಟಿ ಒಂದೇ. ಬೇರೆಯಾದುದು ಕೆಳಗೆ ಕೊರೆದ ಆ ಚಿಕ್ಕ ಆಕೃತಿ. ಅಜಿತನಾಥರಿಗೆ ಆನೆ, ಶ್ರೇಯಾಂಸನಾಥರಿಗೆ ಖಡ್ಗಮೃಗ, ವಾಸುಪೂಜ್ಯರಿಗೆ ಕೋಣ, ವಿಮಲನಾಥರಿಗೆ ಹಂದಿ, ಶಾಂತಿನಾಥರಿಗೆ ಚಿಗರಿ, ವರ್ಧಮಾನಸ್ವಾಮಿಗೆ ಸಿಂಹ. ಆಫ್ರಿಕೆಯ ಬೇಟೆಗಾರರಲ್ಲಿ ‘ದೊಡ್ಡ ಐದು’ ಎಂಬ ಮಾತೊಂದು ಬಳಕೆಯಲ್ಲಿದೆ. ಕಾಲ್ನಡಿಗೆಯಲ್ಲಿ ಬೆನ್ನಟ್ಟಿ ಕೊಲ್ಲಲು ಅತ್ಯಂತ ಕಠಿಣವೂ ಅಪಾಯಕರವೂ ಆದ ಪ್ರಾಣಿಗಳೆಂದು ಅವರು ಆರಿಸಿಕೊಂಡವು ಆನೆ, ಸಿಂಹ, ಚಿರತೆ, ಖಡ್ಗಮೃಗ ಮತ್ತು ಕೋಣ. ಐದರಲ್ಲಿ ನಾಲ್ಕು ಜಿನಪೀಠದ ಮೇಲಿರುವಂಥವು! ಒಂದೇ ಪ್ರಾಣಿಯನ್ನು ಒಬ್ಬರು ಪೀಠದಲ್ಲಿ ಕೊರೆಸುತ್ತಾರೆ, ಇನ್ನೊಬ್ಬರು ತಲೆ ಕಡಿದು ಗೋಡೆಗೆ ತೂಗುಹಾಕುತ್ತಾರೆ.

ಇದು ಪರದೇಶದವರ ದುಶ್ಚಟವೆಂದು ತಳ್ಳಿಹಾಕುವಂತಿಲ್ಲ. ಜೈನಧರ್ಮಕ್ಕೆ ಆಶ್ರಯವಿತ್ತ ಗಂಗವಂಶದ ಎರಡನೆಯ ಬೂತುಗನ ಕಾಲದ ಆತಕೂರು ಶಾಸನ (ಸುಮಾರು ಕ್ರಿ.ಶ. ೯೪೯-೫೦) ಒಂದು ಬೇಟೆನಾಯಿಯ ಸ್ಮಾರಕ. ಯುದ್ಧದಲ್ಲಿ ಶೌರ್ಯ ಮೆರೆದ ಮಣಲೆರನು ಅರಸನಿಂದ ಬಯಸಿ ಪಡೆದದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು, ಎರಡೂ ಪರಸ್ಪರ ಕಾದಾಡಿ ಸತ್ತವು. ಆ ಘಟನೆಯನ್ನು ಕಲ್ಲಿನಲ್ಲಿ ಬರೆಸಿದರು. ಬೇಟೆಯ ಆಕರ್ಷಣೆ ಅಷ್ಟು ಹಳೆಯದು. ಧೈರ್ಯ, ಒಡನಾಟ, ಕಾಡಿನ ಮೌನ, ಗುರಿ ತಾಗಿದ ಕ್ಷಣದ ಹೆಮ್ಮೆ: ಇವುಗಳ ಸವಿ ಬೇಟೆಗಾರನಿಗೆ ನಿಜವಾಗಿಯೇ ಉಂಟು. ಸವಿಯಿಲ್ಲದ್ದನ್ನು ಆಚಾರ್ಯರು ‘ವ್ಯಸನ’ವೆಂದು ಕರೆಯುತ್ತಿರಲಿಲ್ಲ. ಜೂಜು, ಮದ್ಯಗಳ ಸಾಲಿನಲ್ಲಿಯೇ ಬೇಟೆಯನ್ನು ಇಟ್ಟು ಸಪ್ತವ್ಯಸನಗಳಲ್ಲಿ ಎಣಿಸಿದುದು ಈ ಮನೋಧರ್ಮವನ್ನು ಬಲ್ಲವರ ಕೆಲಸ.

ಈ ಗಡಿನಾಡಿನಲ್ಲಿ ಬೇಟೆಯೆಂದರೆ ಮೊದಲು ನೆನಪಾಗುವುದು ಕೊಲ್ಹಾಪುರ. ರಾಯಬಾಗ ಅಂದು ಆ ಸಂಸ್ಥಾನಕ್ಕೆ ಸೇರಿತ್ತು. ಅಲ್ಲಿಯ ಅರಸರು ಪಳಗಿಸಿದ ಶಿವಂಗಿಗಳಿಂದ, ಎಂದರೆ ಚೀತಾಗಳಿಂದ, ಚಿಗರಿಯ ಬೇಟೆಯಾಡಿಸುವುದರಲ್ಲಿ ದೇಶದಲ್ಲೆಲ್ಲ ಹೆಸರಾಗಿದ್ದರು. ಚೀತಾಬೇಟೆಯ ಕ್ರಮ ಹೀಗಿರುತ್ತಿತ್ತು: ಕಣ್ಣಿಗೆ ಟೊಪ್ಪಿಗೆ ಕಟ್ಟಿದ ಶಿವಂಗಿಯನ್ನು ಚಕ್ಕಡಿಯಲ್ಲಿ ಕೂರಿಸಿಕೊಂಡು ಹಿಂಡಿನ ಸಮೀಪ ಒಯ್ಯುವರು. ರೈತರ ಚಕ್ಕಡಿಗಳನ್ನು ದಿನವೂ ಕಂಡ ಚಿಗರಿಗಳು ಬೆದರುತ್ತಿರಲಿಲ್ಲ. ಆ ನಂಬಿಕೆಯೇ ಅವುಗಳಿಗೆ ಮೃತ್ಯುವಾಗುತ್ತಿತ್ತು. ಟೊಪ್ಪಿಗೆ ಕಳಚಿ, ಕೊಂಬು ಚೆಲುವಾದ ಕರಿಯ ಗಂಡನ್ನು ತೋರಿಸಿ ಬಿಟ್ಟರೆ ಕೆಲವೇ ಕ್ಷಣಗಳ ಓಟ. ಬಳಿಕ ಸೌಟಿನಲ್ಲಿ ಬಿಸಿರಕ್ತವನ್ನಿತ್ತು ಶಿವಂಗಿಯ ಬಾಯನ್ನು ಬಿಡಿಸಿ ಮತ್ತೆ ಟೊಪ್ಪಿಗೆ ಕಟ್ಟುವರು. ಈ ದೇಶದ ಶಿವಂಗಿಗಳು ವಿರಳವಾದಾಗ ಆಫ್ರಿಕೆಯಿಂದ ತರಿಸಿಕೊಂಡದ್ದುಂಟು. ೧೯೫೨ರಲ್ಲಿ ಭಾರತದಲ್ಲಿ ಆ ಸಂತತಿ ಅಳಿಯಿತೆಂದು ಘೋಷಿಸಬೇಕಾಯಿತು. ಅದನ್ನು ಮತ್ತೆ ನೆಲೆಗೊಳಿಸಲು ೨೦೨೨ರಲ್ಲಿ ನಮೀಬಿಯಾದಿಂದ ಕೂನೋ ಅರಣ್ಯಕ್ಕೆ ಚೀತಾಗಳನ್ನು ತರಲಾಯಿತು.

ಕೊಲ್ಹಾಪುರದ ಶಾಹೂ ಛತ್ರಪತಿಗಳು ಈ ಬೇಟೆಯ ದೊಡ್ಡ ಪ್ರೇಮಿಗಳು. ಹಿಂದುಳಿದವರ ವಿದ್ಯೆಗಾಗಿ ಅವರು ಮಾಡಿದ ಉಪಕಾರವನ್ನು, ಜೈನ ವಿದ್ಯಾರ್ಥಿಗಳೂ ಪಡೆದ ಆಶ್ರಯವನ್ನು ಮರೆಯುವುದು ಕೃತಘ್ನತೆಯಾದೀತು. ಕರುಣೆ ಮನುಷ್ಯನಲ್ಲಿ ಎಲ್ಲ ದಿಕ್ಕಿಗೂ ಒಮ್ಮೆಲೇ ಹರಿಯುವುದಿಲ್ಲವೆಂಬುದಷ್ಟೇ ಇಲ್ಲಿ ಕಾಣುವ ಸಂಗತಿ. ಅವರು ಹುಟ್ಟಿದ್ದು ೧೮೭೪ರಲ್ಲಿ. ಅದಕ್ಕೆ ಎರಡು ವರ್ಷ ಮೊದಲು, ೧೮೭೨ರಲ್ಲಿ, ದೂಧಗಂಗಾ-ವೇದಗಂಗಾ ಸಂಗಮದ ಭೋಜ ಗ್ರಾಮದ ಪಾಟೀಲ ಮನೆತನದಲ್ಲಿ ಸಾತಗೌಡರು ಜನಿಸಿದರು. ಅವರೇ ಮುಂದೆ ಚಾರಿತ್ರಚಕ್ರವರ್ತಿ ಆಚಾರ್ಯ ಶಾಂತಿಸಾಗರ ಮಹಾರಾಜರು. ಗೃಹಸ್ಥಾಶ್ರಮದಲ್ಲಿ ತಮ್ಮ ಹೊಲದ ಕಾಳನ್ನು ಹಕ್ಕಿಗಳು ತಿನ್ನುತ್ತಿದ್ದರೆ ಅವನ್ನು ಅಟ್ಟದೆ, ಕುಡಿಯಲು ನೀರನ್ನೂ ಇರಿಸುತ್ತಿದ್ದರೆಂದು ಅವರ ಚರಿತ್ರೆಯಲ್ಲಿ ಬರುತ್ತದೆ. ಒಂದೇ ಕಾಲ, ಒಂದೇ ಸೀಮೆ.

ಎಲ್ಲ ರೈತರೂ ಸಾತಗೌಡರಾಗಲಾರರು. ಶಾಸ್ತ್ರವು ಅದನ್ನು ಬಲ್ಲದು. ಆದುದರಿಂದಲೇ ಗೃಹಸ್ಥನ ಹಿಂಸೆಯನ್ನು ಆರಂಭೀ, ಉದ್ಯೋಗೀ, ವಿರೋಧೀ, ಸಂಕಲ್ಪೀ ಎಂದು ನಾಲ್ಕಾಗಿ ವಿಂಗಡಿಸಿದೆ. ಒಲೆ ಹೊತ್ತಿಸುವುದರಲ್ಲಿ, ನೇಗಿಲು ಹೂಡುವುದರಲ್ಲಿ, ಮೈಮೇಲೆ ಬಂದುದನ್ನು ತಡೆಯುವುದರಲ್ಲಿ ಆಗುವ ಹಿಂಸೆ ಅವನಿಂದ ಪೂರ್ಣ ಬಿಡಲಾಗದ್ದು. ಕಬ್ಬಿನ ಗದ್ದೆಗೆ ನುಗ್ಗಿದ ಹಂದಿಯನ್ನು ರಾತ್ರಿಯೆಲ್ಲ ಕಾದು ಓಡಿಸುವವನನ್ನೂ ಪದಕಕ್ಕಾಗಿ ಕೊಂದವನನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಅಣುವ್ರತಿಯು ಸಂಪೂರ್ಣವಾಗಿ ಬಿಡಬೇಕಾದುದು ಸಂಕಲ್ಪೀ ಹಿಂಸೆಯನ್ನು. ಹಸಿವಿಲ್ಲ, ಭಯವಿಲ್ಲ, ಹಗೆಯಿಲ್ಲ. ಆದರೂ ದೂರದೇಶಕ್ಕೆ ಹೋಗಿ, ಶುಲ್ಕ ಕಟ್ಟಿ, ಆರಿಸಿ ಕೊಲ್ಲುವುದಕ್ಕಿಂತ ಶುದ್ಧವಾದ ಸಂಕಲ್ಪ ಬೇರೊಂದಿಲ್ಲ.

ಈ ಸಂಕಲ್ಪಕ್ಕೆ ವಿರೋಧದ ವೇಷ ಹಾಕುವ ಕಲೆಯೊಂದಿದೆ. ೧೯೯೯ರಲ್ಲಿ ಮುಚ್ಚಿದ ಮೈಸೂರಿನ ವ್ಯಾನ್ ಇಂಗೆನ್ ಸಂಸ್ಥೆಯು ಸುಮಾರು ನೂರು ವರ್ಷ ಅರಸರಿಗೂ ಸಾಹೇಬರಿಗೂ ಹುಲಿ-ಚಿರತೆಗಳ ಚರ್ಮವನ್ನು ಹದಮಾಡಿ, ಗಾಜಿನ ಕಣ್ಣಿಟ್ಟು, ಜೀವಂತವೆಂಬಂತೆ ನಿಲ್ಲಿಸಿಕೊಡುತ್ತಿತ್ತು. ಅಲ್ಲಿಂದ ಹೊರಬಿದ್ದ ಹುಲಿಮುಖಗಳು ಪ್ರಸಿದ್ಧವಾದದ್ದು ಘರ್ಜಿಸುವ ತೆರೆದ ಬಾಯಿಯಿಂದ. ಗುಂಡು ತಾಗಿದಾಗ ಆ ಹುಲಿ ನೀರು ಕುಡಿಯುತ್ತಿತ್ತೋ, ಬೆನ್ನು ತಿರುಗಿಸಿ ಓಡುತ್ತಿತ್ತೋ, ನೋಡುವವರಿಗೆ ತಿಳಿಯದು. ಗೋಡೆಯ ಮೇಲಂತೂ ಅದು ಸದಾ ಮೇಲೆರಗುತ್ತಲೇ ಇರುತ್ತದೆ. ಕೊಂದವನು ಸದಾ ಆತ್ಮರಕ್ಷಣೆ ಮಾಡಿಕೊಳ್ಳುತ್ತಲೇ ಇರುತ್ತಾನೆ.

೧೨೦೯ರಲ್ಲಿ ಜನ್ನನು ಬರೆದ ‘ಯಶೋಧರ ಚರಿತೆ’ಯಲ್ಲಿ ಹಿಟ್ಟಿನ ಕೋಳಿಯ ಪ್ರಸಂಗವನ್ನು ಎಲ್ಲರೂ ಬಲ್ಲರು. ಕಥೆಯ ಉತ್ತರಭಾಗದ ಬಾಣವನ್ನು ನೆನೆಯುವವರು ಕಡಿಮೆ. ಯಶೋಮತಿ ರಾಜನು ರಾಣಿ ಕುಸುಮಾವಳಿಗೆ ತನ್ನ ಶಬ್ದವೇಧಿ ವಿದ್ಯೆಯನ್ನು ತೋರಿಸಲು ಕೋಳಿಗಳ ಕೂಗು ಕೇಳಿದತ್ತ ಬಾಣ ಬಿಟ್ಟನು. ಮಾಂಸಕ್ಕಾಗಿ ಅಲ್ಲ, ಬಲಿಗಾಗಿಯೂ ಅಲ್ಲ; ಮೆಚ್ಚುಗೆಗಾಗಿ. ಸತ್ತ ಆ ಎರಡು ಕೋಳಿಗಳು ಅವನ ತಂದೆಯ ಮತ್ತು ಅಜ್ಜಿಯ ಜೀವಗಳಾಗಿದ್ದವು. ೨೦೧೫ರಲ್ಲಿ ಜಿಂಬಾಬ್ವೆಯಲ್ಲಿ ಸೆಸಿಲ್ ಎಂಬ ಹೆಸರಾಂತ ಸಿಂಹವನ್ನು ಅಮೇರಿಕದ ದಂತವೈದ್ಯನೊಬ್ಬ ಕೊಂದುದೂ ಬಾಣದಿಂದಲೇ. ಬಂದೂಕಿನ ಯುಗದಲ್ಲಿ ಬಿಲ್ಲನ್ನು ಹಿಡಿದುದೇಕೆ? ಕೌಶಲವು ಹೆಚ್ಚು ಕಾಣಲೆಂದು. ನೋಡುವ ಕುಸುಮಾವಳಿ ಇಲ್ಲದಿದ್ದರೆ ಯಶೋಮತಿಯ ಬಾಣ ಬತ್ತಳಿಕೆಯಲ್ಲಿಯೇ ಉಳಿಯುತ್ತಿತ್ತು. ಕೃತ, ಕಾರಿತ, ಅನುಮೋದಿತವೆಂಬ ಮೂರರಲ್ಲಿ ಅನುಮೋದಿತಕ್ಕೂ ಆಸ್ರವದ ಪಾಲಿದೆಯೆಂದು ಹೇಳಿರುವುದು ಇಂತಹ ನೋಟಕರನ್ನು ಕುರಿತೇ.

ಬೇಟೆಯ ಪರವಾದ ಒಂದು ವಾದವನ್ನು ಮಾತ್ರ ಗಂಭೀರವಾಗಿ ಕೇಳಬೇಕು. ಬೇಟೆಗಾರ ಕೊಡುವ ದೊಡ್ಡ ಶುಲ್ಕದಿಂದಲೇ ಕಾಡು ಉಳಿಯುತ್ತದೆ ಎನ್ನುತ್ತಾರೆ. ನಮೀಬಿಯಾದ ಹಳ್ಳಿಗರಿಗೆ ಆ ಹಣ ಸಲ್ಲುವುದು ನಿಜ. ಸಮೀಪದ ದಾಜೀಪುರದ ಅಡವಿಯೂ ಕೊಲ್ಹಾಪುರದ ಅರಸರ ಬೇಟೆಯ ತಾಣವಾಗಿದ್ದುದರಿಂದಲೇ ಕೊಡಲಿಯಿಂದ ಪಾರಾಯಿತು. ಅನೇಕಾಂತವನ್ನು ನಂಬಿದವರು ಇದನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಅಲ್ಲಿ ಅಡವಿಯನ್ನು ಉಳಿಸಿದ್ದು ಕಾವಲು, ಗುಂಡಲ್ಲ. ೧೯೫೮ರಲ್ಲಿ ಅಭಯಾರಣ್ಯವಾದ ಮೇಲೆ ಬೇಟೆ ನಿಂತಿತು. ಅಡವಿ ಇಂದಿಗೂ ನಿಂತಿದೆ. ಕೀನ್ಯಾ ದೇಶವು ೧೯೭೭ರಲ್ಲಿಯೇ ಬೇಟೆಯನ್ನು ನಿಷೇಧಿಸಿತು. ಅಲ್ಲಿ ಸಿಂಹವೂ ಇದೆ, ಆನೆಯೂ ಇದೆ.

ಆದರೂ ಆ ವಾದದಲ್ಲಿ ಚುಚ್ಚುವ ಮುಳ್ಳೊಂದು ಉಳಿದೇ ಇರುತ್ತದೆ. ಸಿಂಹದ ಪಕ್ಕದಲ್ಲಿ ಬದುಕುವ ಬಡವನ ಹಸು ಸತ್ತರೆ ಅದರ ಬೆಲೆಯನ್ನು ತೆರುವವರು ಯಾರು? ಕೊಲ್ಲಬಯಸುವವನು ಹಣ ಕೊಡಲು ಸಿದ್ಧನಿದ್ದಾನೆ. ಕೊಲ್ಲಬೇಡವೆನ್ನುವವರು ಬರಿಯ ಮಾತನ್ನು ಕೊಡುತ್ತಾರೆ. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳಲ್ಲಿ ಮೊದಲಿನ ಮೂರಕ್ಕೆ ಸಮಾಜವು ಕೈ ಬಿಚ್ಚಿ ವೆಚ್ಚ ಮಾಡುತ್ತ ಬಂದಿದೆ. ಅಭಯಕ್ಕೂ ವೆಚ್ಚವುಂಟೆಂಬುದು, ಪಾಂಜರಪೋಳಗಳ ಹೊರತು, ಹೆಚ್ಚಾಗಿ ಚರ್ಚೆಗೆ ಬಂದಿಲ್ಲ. ಚಿಗರಿಗೆ ಹುಲ್ಲುಗಾವಲು ಬೇಕು, ಬೆಳೆ ಕಳೆದುಕೊಂಡವನಿಗೆ ಪರಿಹಾರ ಬೇಕು. ಚಿಗರಿಯ ಲಾಂಛನವುಳ್ಳ ಶಾಂತಿನಾಥರ ಬಿಂಬಕ್ಕೆ ಸವಾಲು ಕೂಗಿ ಕಲಶಾಭಿಷೇಕ ಮಾಡಿಸುವ ಸಮಾಜಕ್ಕೆ ಇದು ಮೀರಿದ ಮಾತಲ್ಲ.

ಇನ್ನು ಮನೆಗಳ ಮಾತು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ತರುವಾಯ ಚಿಗರಿಯ ಕೊಂಬು, ಹುಲಿಯ ಉಗುರು ಹಿರಿಯರ ಕಾಲದ್ದೆಂದ ಮಾತ್ರಕ್ಕೆ ಇಟ್ಟುಕೊಳ್ಳುವಂತಿಲ್ಲ. ಒಡೆತನದ ಪ್ರಮಾಣಪತ್ರ ಬೇಕು, ಅದಿದ್ದರೂ ಮಾರುವಂತಿಲ್ಲ. ೨೦೨೩ರ ಅಕ್ಟೋಬರದಲ್ಲಿ ಹುಲಿಯುಗುರಿನ ಪದಕ ಧರಿಸಿದವನೊಬ್ಬನ ಬಂಧನವಾದಾಗ ರಾಜ್ಯದ ಎಷ್ಟೋ ಮನೆಗಳಲ್ಲಿ ಪೆಟ್ಟಿಗೆಗಳನ್ನು ತೆರೆದು ನೋಡಿದರು. ಚಿಕ್ಕೋಡಿ, ನಿಪ್ಪಾಣಿ, ಅಥಣಿ, ಕಾಗವಾಡದ ಕಡೆಯ ಯಾವುದಾದರೂ ಹಳೆಯ ವಾಡೆಯ ಪಡಸಾಲೆಯಲ್ಲಿ ಅಂತಹ ಕೊಂಬೊಂದು ಉಳಿದಿದ್ದರೆ, ಕಾಯಿದೆ ಕೇಳುವುದು ಪ್ರಮಾಣಪತ್ರವನ್ನು ಮಾತ್ರ. ಅದರ ಕಥೆಯನ್ನು ಮೊಮ್ಮಕ್ಕಳಿಗೆ ಯಾವ ದನಿಯಲ್ಲಿ ಹೇಳಬೇಕೆಂಬುದನ್ನು ಆ ಮನೆಯ ಹಿರಿಯರೇ ನಿಶ್ಚಯಿಸಬೇಕಾಗುತ್ತದೆ.