ಗುಡ್ಡದ ಗುರಿಗೆಯನ್ನು ಉಳಿಸೋಣ
(ಗ್ರಾಮಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



2022ರಲ್ಲಿ ನಮ್ಮ ಚಂದ್ರದ್ರೋಣ ಗಿರಿಯಲ್ಲಿ ಗುರಿಗೆ, ಅಂದರೆ ನೀಲಕುರಿಂಜಿ, ಅರಳಿದ್ದನ್ನು ತಾವು ಕಂಡಿದ್ದೀರಿ. ಅಂದು ನಾನೂ ಒಂದು ಕೊಂಬೆ ಮುರಿದು ತಂದೆ. ಮನೆ ಸೇರುವಷ್ಟರಲ್ಲಿ ಬಾಡಿತು. ವ್ಯವಸಾಯ ಓದಿದ ನಾನು ಹಾಗೆ ಮಾಡಬಾರದಿತ್ತು.

ಈ ಗಿಡ 12 ವರ್ಷ ಬೆಳೆದು ಒಂದೇ ಸಲ ಹೂ ಬಿಡುತ್ತದೆ. ಬೀಜ ಕಟ್ಟಿ ಸಾಯುತ್ತದೆ. ನಮ್ಮ ಬಿತ್ತನೆ ಬತ್ತ ಕೆಟ್ಟರೆ ನೆರೆಯವರಿಂದ ತರಬಹುದು. ಗುರಿಗೆಯ ಬೀಜ ಕೆಟ್ಟರೆ ಯಾರಲ್ಲಿ ಕೇಳೋಣ? 2024ರಲ್ಲಿ ಇದು ಅಳಿವಿನ ಭಯವಿರುವ ಗಿಡಗಳ ಜಾಗತಿಕ ಪಟ್ಟಿಗೆ ಸೇರಿತು.

“ಹೂವಿನಿಂದ ಹೊಟ್ಟೆ ತುಂಬುವುದೇ?” ಎಂದು ತಾವು ಕೇಳಬಹುದು. ಗುರಿಗೆ ಬೆಳೆಯುವ ಹುಲ್ಲುಗಾವಲು ಬೀಳುಭೂಮಿಯಲ್ಲ. ಮಳೆನೀರನ್ನು ಹೀರಿ, ನಿಧಾನವಾಗಿ ಹಳ್ಳಗಳಿಗೆ ಬಿಡುವುದು ಅದೇ. ಆ ನೀರೇ ನಮ್ಮ ಗದ್ದೆ, ತೋಟಗಳಿಗೆ ಆಧಾರ.

ಆದುದರಿಂದ ಮೂರು ಮಾತು:

1. ಬೇಸಿಗೆಯಲ್ಲಿ ಗುಡ್ಡದ ಹುಲ್ಲಿಗೆ ಬೆಂಕಿ ಇಡಬೇಡಿ. ಎಳೆಯ ಸಸಿಗಳು ಸುಟ್ಟುಹೋಗುತ್ತವೆ.
2. ಹುಲ್ಲುಗಾವಲಿನಲ್ಲಿ ಅಕೇಶಿಯ, ನೀಲಗಿರಿ ನೆಡಬೇಡಿ. ನೆರಳಿನಲ್ಲಿ ಗುರಿಗೆ ಏಳದು.
3. ಹೂ ಕೀಳಬೇಡಿ; ನೋಡಬಂದವರಿಗೂ ಕಾಲುದಾರಿ ಬಿಡದಂತೆ ತಿಳಿಹೇಳಿ.

2022ರ ಬೀಜದ ಸಸಿಗಳು ಹೂ ಬಿಡುವುದು 2034ರ ಸುಮಾರಿಗೆ. ಅಂದು ನಮ್ಮ ಮಕ್ಕಳಿಗೆ ತೋರಿಸಲು ಗಿರಿಯ ಮೇಲೆ ಹೂವಿರಲಿ.