ಹೊಲದ ಇಳಿಜಾರು ಅಳೆಯುವ ಬಗೆ



ಕಡೂರು ಕಡೆಯ ಒಂದು ಕೆಂಪು ಹೊಲದಲ್ಲಿ ನಾನು ಕಣ್ಣಂದಾಜಿನಲ್ಲೇ ಬದುವಿನ ಗೆರೆ ಎಳೆಸಿದ್ದೆ. ಮೊದಲ ಬಿರುಮಳೆಗೇ ನೀರೆಲ್ಲ ತಗ್ಗಿನ ಮೂಲೆಗೆ ಸೇರಿ ಬದು ಒಡೆಯಿತು. ರಾಗಿ ಪೈರು ಮಣ್ಣಿನ ಸಮೇತ ಹಳ್ಳ ಸೇರಿತು. ಆ ಮನೆಯ ಯಜಮಾನರು ಬೈಯಲಿಲ್ಲ. "ಅಳೆದು ನೋಡಬೇಕಾಗಿತ್ತು ಸ್ವಾಮಿ" ಅಂದರು, ಅಷ್ಟೆ.

ಅಳೆಯುವುದು ಕಷ್ಟವೇನಲ್ಲ. ಒಳಗಿನ ನೀರು ಕಾಣುವಂಥ ಉದ್ದನೆಯ ಪೈಪು, ಸೆಂಟಿಮೀಟರು ಗುರುತು ಹಾಕಿದ ಎರಡು ಕೋಲು ಸಾಕು. ಗಾಳಿಗುಳ್ಳೆ ಉಳಿಯದಂತೆ ಪೈಪಿಗೆ ನೀರು ತುಂಬಿ, ತೆರೆದ ತುದಿಗಳನ್ನು ಕೋಲುಗಳಿಗೆ ಕಟ್ಟಿ. ಒಬ್ಬರು ಮೇಲೆ, ಒಬ್ಬರು ಕೆಳಗೆ ಕೋಲನ್ನು ನೆಟ್ಟಗೆ ಹಿಡಿಯಿರಿ. ಅಲುಗಾಟ ನಿಂತ ಮೇಲೆ ನೀರು ಎರಡೂ ಕಡೆ ಒಂದೇ ಮಟ್ಟದಲ್ಲಿರುತ್ತದೆ. ಮೇಲಿನ ಕೋಲಿನಲ್ಲಿ 70, ಕೆಳಗಿನದರಲ್ಲಿ 110 ಬಂತೆನ್ನಿ; ನೆಲ 40 ಸೆಂ.ಮೀ. ಇಳಿದಿದೆ. ನಡುವಿನ ದೂರವನ್ನು ಹಗ್ಗ ಮಟ್ಟವಾಗಿ ಎಳೆದು ನೋಡಿದರೆ 20 ಮೀಟರು, ಅಂದರೆ 2000 ಸೆಂ.ಮೀ. 2000ಕ್ಕೆ 40 ಆದರೆ ನೂರಕ್ಕೆ 2. ಇದೇ ಇಳಿಜಾರು.

ಎರಡು ಕೋಲಿನಲ್ಲೂ ಒಂದೇ ಅಂಕಿ ಬಂದರೆ ಅವು ಸಮಮಟ್ಟದ ಜಾಗಗಳು. ಅಂಥಲ್ಲೆಲ್ಲ ಗೂಟ ಹೊಡೆಯುತ್ತ ಹೋದರೆ ಬದುವಿನ ಗೆರೆ ಸಿಕ್ಕಿತು. ಉಳುಮೆಯೂ ಅದರ ಜೊತೆಗೇ ಸಾಗಲಿ. ಇಳಿಜಾರು ಹೆಚ್ಚಿದಷ್ಟೂ ಬದುಗಳು ಹತ್ತಿರ ಹತ್ತಿರ ಇರಬೇಕು. ಅಜ್ಜಂಪುರದ ಎರೆಹೊಲದವರು ಮಾತ್ರ ಪೂರ್ತಿ ಸಮಮಟ್ಟಕ್ಕೆ ಕಟ್ಟಬೇಡಿ; ನೀರು ನಿಂತು ಬೇರು ಕೊಳೆಯುತ್ತದೆ. ಸ್ವಲ್ಪ ವಾಟ ಕೊಟ್ಟು, ಹುಲ್ಲು ಬೆಳೆಸಿದ ಕಾಲುವೆಗೆ ಬಿಡಿ. ತರೀಕೆರೆಯ ತೋಟಗಳ ಬಸಿಗಾಲುವೆಗೂ ಇದೇ ಲೆಕ್ಕ.

ಮಳೆಗೆ ಮುಂಚೆ ಒಂದು ಬೆಳಗ್ಗೆ ಬಿಡುವು ಮಾಡಿಕೊಳ್ಳಿ. ಹೋದ ಮಣ್ಣು ತಿರುಗಿ ಬಾರದು.