ಹಾರ್ಮೋನಿಯಂ ಮೇಷ್ಟರ ಹಳೆಯ ಪೆಟ್ಟಿಗೆ



ಸಂಗೀತವಾದ್ಯವೆಂದೊಡನೆ ತಮ್ಮ ಮನಸ್ಸು ವೀಣೆಯ ಕಡೆಗೆ ಹರಿಯುವುದು ಸಹಜ. ಮೈಸೂರು ವೀಣೆಯ ಊರು, ಶೇಷಣ್ಣನವರ ಊರು. ಆದರೆ ಈ ಹೊತ್ತು ನಾನು ಅರಿಕೆ ಮಾಡಬೇಕೆಂದಿರುವುದು ಅಷ್ಟು ಕುಲೀನವಾದ ವಾದ್ಯದ ವಿಷಯವನ್ನಲ್ಲ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ, ಈ ನಾಲ್ಕು ಸೀಮೆಗಳಲ್ಲಿ ಸುಗ್ಗಿ ಮುಗಿದ ಮೇಲೆ ಊರಿಂದೂರಿಗೆ ಸಂಚರಿಸುವ ಹಾರ್ಮೋನಿಯಂ ಮೇಷ್ಟರ ಪೆಟ್ಟಿಗೆಯ ವಿಷಯವನ್ನು. ಅದು ಅಗ್ಗದ್ದು, ಅನೇಕ ವೇಳೆ ಇಬ್ಬರು ಮೂವರ ಕೈ ದಾಟಿ ಬಂದದ್ದು, ಮೂಲೆಗಳು ಸವೆದು, ಮನೆಗಳ ಬಿಳುಪು ಹಳದಿಗೆ ತಿರುಗಿದ್ದು. ಆದರೂ ಅದನ್ನು ಬಿಟ್ಟು ಹೊಸದನ್ನು ಕೊಳ್ಳಿರೆಂದರೆ ಮೇಷ್ಟರು ಸುಲಭವಾಗಿ ಒಪ್ಪುವವರಲ್ಲ. ಈ ಮೋಹಕ್ಕೆ ಕಾರಣ ಬಡತನ ಮಾತ್ರವೆ, ಅಥವಾ ಅದರಲ್ಲಿ ನಾವು ಗೌರವಿಸಬೇಕಾದ ವಿವೇಕವೊಂದಿದೆಯೆ ಎಂಬುದೇ ನನ್ನ ಪ್ರಶ್ನೆ.

ಮೊದಲು ಮೇಷ್ಟರ ಪರಿಚಯ. ನಮ್ಮ ಹಳ್ಳಿಗಳಲ್ಲಿ ಊರವರೇ ಬಣ್ಣ ಹಚ್ಚಿ ಪೌರಾಣಿಕ ನಾಟಕಗಳನ್ನಾಡುವ ಪದ್ಧತಿಯನ್ನು ತಾವು ಬಲ್ಲಿರಿ. ಹಗಲು ಹೊಗೆಸೊಪ್ಪಿನ ಹೊಲದಲ್ಲಿ ದುಡಿದವನು ರಾತ್ರಿ ದುರ್ಯೋಧನನಾಗುತ್ತಾನೆ, ದಿನಸಿಯಂಗಡಿಯವನು ಶ್ರೀಕೃಷ್ಣನಾಗುತ್ತಾನೆ. ಇವರಿಗೆ ಪದ್ಯವನ್ನೂ ಮಾತನ್ನೂ ಕಲಿಸುವುದಕ್ಕೆಂದು ಬರುವವರು ಹಾರ್ಮೋನಿಯಂ ಮೇಷ್ಟರು. ಭಜನೆಯ ಮನೆಯಲ್ಲೋ ಶಾಲೆಯ ಜಗಲಿಯಲ್ಲೋ ತಿಂಗಳುಗಟ್ಟಲೆ ಅಭ್ಯಾಸ ನಡೆಯುತ್ತದೆ. ನಾಟಕದ ದಿನ ಅವರು ರಂಗದ ಮಗ್ಗುಲಲ್ಲಿ ಕುಳಿತರೆ ಏಳುವುದು ಬೆಳಗಿನ ಜಾವಕ್ಕೆ. ಉಪಾಧ್ಯಾಯರು, ನಿರ್ದೇಶಕರು, ಮಾತು ಮರೆತವನಿಗೆ ನೆನಪು, ಎಲ್ಲವೂ ಅವರೇ. ಆಟ ಮುಗಿದರೆ ಪೆಟ್ಟಿಗೆ ಮುಂದಿನ ಊರಿನ ಬಸ್ಸನ್ನೇರುತ್ತದೆ.

ಈ ಪೆಟ್ಟಿಗೆ ಹುಟ್ಟಿದುದು ನಮ್ಮ ದೇಶದಲ್ಲಲ್ಲ. 1840ರ ದಶಕದ ಆರಂಭದಲ್ಲಿ ಪ್ಯಾರಿಸ್ ನಗರದ ಅಲೆಕ್ಸಾಂಡರ್ ದೆಬೈನ್ ಎಂಬಾತನು ‘ಹಾರ್ಮೋನಿಯಂ’ ಎಂಬ ಹೆಸರಿಟ್ಟು ಒಂದು ವಾದ್ಯಕ್ಕೆ ಸ್ವಾಮ್ಯಪತ್ರವನ್ನು ಪಡೆದನು. ಕಾಲಿನಿಂದ ತಿದಿಯೊತ್ತಿ, ಎರಡು ಕೈಗಳಿಂದಲೂ ನುಡಿಸತಕ್ಕ ವಾದ್ಯ ಅದು. ಅದು ಹಡಗೇರಿ ಇಲ್ಲಿಗೆ ಬಂದ ಮೇಲೆ, ಕಲ್ಕತ್ತೆಯ ದ್ವಾರಕಾನಾಥ ಘೋಷರು ಆ ಶತಮಾನದ ಉತ್ತರಾರ್ಧದಲ್ಲಿ ಅದನ್ನು ಕುಗ್ಗಿಸಿ, ತಿದಿಯನ್ನು ಹಿಂಬದಿಗೆ ತಂದು, ನೆಲದ ಮೇಲೆ ಕುಳಿತವನ ಎಡಗೈಗೆ ಒಪ್ಪಿಸಿದರು. ಪಾರ್ಸಿ ಮತ್ತು ಮರಾಠಿ ನಾಟಕ ಮಂಡಲಿಗಳ ದಾರಿ ಹಿಡಿದು ಹಾರ್ಮೋನಿಯಂ ಕನ್ನಡ ರಂಗಭೂಮಿಗೂ ಬಂದಿತು. 1884ರಲ್ಲಿ ಸ್ಥಾಪಿತವಾದ ಗುಬ್ಬಿ ಕಂಪನಿಯೇ ಮೊದಲಾದ ವೃತ್ತಿಮಂಡಲಿಗಳ ಕಾಲದಲ್ಲಿ ಕಾಲು ಹಾರ್ಮೋನಿಯಂ ಇಲ್ಲದ ನಾಟಕವನ್ನು ಊಹಿಸುವುದೇ ಕಷ್ಟವಾಗಿತ್ತು.

ಇದಕ್ಕೆ ಮುಖ್ಯ ಕಾರಣ ಅದರ ಗಟ್ಟಿಯಾದ ಧ್ವನಿ. ವಿದ್ಯುಚ್ಛಕ್ತಿಯಿಲ್ಲದ ಡೇರೆಯಲ್ಲಿ, ಗ್ಯಾಸ್ ದೀಪಗಳ ಬೆಳಕಿನಲ್ಲಿ, ನೂರಾರು ಮಂದಿಯ ಕೊನೆಯ ಸಾಲಿನವರೆಗೂ ಶ್ರುತಿಯನ್ನು ಮುಟ್ಟಿಸಬಲ್ಲ ವಾದ್ಯ ಬೇಕಾಗಿತ್ತು. ಬಳಿಕ ಧ್ವನಿವರ್ಧಕ ಬಂದಿತು. ಅದರಲ್ಲಿಯೂ ಹಳ್ಳಿಯ ಮೇಷ್ಟರು ಬಹುಕಾಲ ಮೆಚ್ಚಿದುದು ತುತ್ತೂರಿಯ ಆಕಾರದ ಹಳೆಯ ತಗಡಿನ ಸ್ಪೀಕರನ್ನೇ. ನಗರದವರ ಕಿವಿಗೆ ಅದು ಕರ್ಕಶ. ಆದರೆ ಅದರ ಗುಣವನ್ನು ವಿಚಾರಿಸಿ ನೋಡಿರಿ: ತುತ್ತೂರಿಯ ಬಾಯಿ ಕ್ರಮವಾಗಿ ಅಗಲವಾಗುವುದರಿಂದ, ಸ್ವಲ್ಪ ಶಕ್ತಿಯಿಂದಲೇ ಹೆಚ್ಚು ಶಬ್ದ ಗಾಳಿಗೆ ಸೇರುತ್ತದೆ, ಮನುಷ್ಯಕಂಠದ ಅಕ್ಷರಗಳು ಸ್ಪಷ್ಟವಾಗುವ ಮಧ್ಯದ ಸ್ವರಗಳೇ ಅದರಲ್ಲಿ ಮೇಲಾಗಿ ಕೇಳುತ್ತವೆ. ಬ್ಯಾಟರಿಯೊಂದನ್ನೇ ನಂಬಿ ಬಯಲಿನಲ್ಲಿ ಆಡುವ ನಾಟಕಕ್ಕೆ, ಪದ್ಯದ ಮಾತು ಗದ್ದೆಯಾಚೆಗೂ ಕೇಳಬೇಕೆಂಬ ನಾಟಕಕ್ಕೆ, ಇದಕ್ಕಿಂತ ತಕ್ಕ ಯಂತ್ರ ಯಾವುದು?

ಈಗ ನಮ್ಮ ಪ್ರಶ್ನೆಗೆ ಬರೋಣ. ಹಾರ್ಮೋನಿಯಂನ ಪ್ರಾಣವಿರುವುದು ಅದರ ಹಿತ್ತಾಳೆಯ ನಾಲಗೆಗಳಲ್ಲಿ. 42 ಮನೆಗಳ ಪೆಟ್ಟಿಗೆಯಲ್ಲಿ ಎರಡು ಸಾಲು ನಾಲಗೆಗಳಿದ್ದರೆ ಒಟ್ಟು 84 ಆದುವು. ನಾಲಗೆಯ ತುದಿಯನ್ನು ತುಸು ಕೆರೆದರೆ ಅದು ಹಗುರಾಗಿ ಸ್ವರ ಏರುತ್ತದೆ. ಬುಡವನ್ನು ಕೆರೆದರೆ ಬಿಗಿ ಸಡಿಲಿ ಸ್ವರ ಇಳಿಯುತ್ತದೆ. ಒಂದು ಸಣ್ಣ ಅಲಗು, ತಾಳ್ಮೆ, ನಿಷ್ಠುರವಾದ ಕಿವಿ, ಇಷ್ಟೇ ಅದರ ಕಾರ್ಖಾನೆ. ಸಂದಿಯಲ್ಲಿ ಧೂಳು ಸಿಕ್ಕಿ ಸ್ವರ ಕಟ್ಟಿತೆ? ತೆಳುವಾದ ಕಾಗದದ ಚೂರೊಂದನ್ನು ನಾಲಗೆಯ ಅಡಿಯಲ್ಲಿ ಎಳೆದರೆ ಸಾಕು. ತಿದಿ ಹರಿಯಿತೆ? ಹದವಾದ ಚರ್ಮದ ತುಂಡು, ಸ್ವಲ್ಪ ಸರೇಸು. ಮಾಗಿಯ ಇಬ್ಬನಿಗೆ ಮರ ಉಬ್ಬಿ ಮನೆ ಹಿಡಿದುಕೊಂಡಿತೆ? ಒಂದೆರಡು ಸಲ ಮರಳುಕಾಗದದಿಂದ ಉಜ್ಜಿದರೆ ಬಿಟ್ಟುಕೊಳ್ಳುತ್ತದೆ. ಹೆಗ್ಗಡದೇವನಕೋಟೆಯ ಕಾಡಂಚಿನ ಊರಿನಲ್ಲಿ, ಹತ್ತಿರದ ಪೇಟೆ ಹರದಾರಿಗಳಾಚೆಗಿರುವಲ್ಲಿ, ಮೂರನೆಯ ಅಂಕದ ನಡುವೆ ಷಡ್ಜ ಮೂಕವಾದರೆ ಮೇಷ್ಟರು ಯಾರಿಗೂ ಕಾಗದ ಬರೆಯಬೇಕಾಗಿಲ್ಲ. ವಿದೂಷಕನ ಪ್ರವೇಶವನ್ನು ಕೊಂಚ ಲಂಬಿಸಿ, ಪೆಟ್ಟಿಗೆಯ ಮುಚ್ಚಳವನ್ನು ತೆಗೆದರಾಯಿತು.

ಆದುದರಿಂದ ಮೇಷ್ಟರ ಮೋಹವು ಹಳೆಯದೆಂಬ ಕಾರಣಕ್ಕೆ ಹಳೆಯದರ ಮೇಲಿರುವ ಮೋಹವಲ್ಲ. ತನ್ನ ಕೈಗೆ ತಿಳಿದ ವಸ್ತುವಿನ ಮೇಲಿನ ವಿಶ್ವಾಸ ಅದು. ಯಾವ ಮನೆ ತುಸು ನಿಧಾನ, ಯಾವ ನಾಲಗೆಗೆ ಗಾಳಿ ಹೆಚ್ಚು ಬೇಕು, ಎಲ್ಲವೂ ಅವರಿಗೆ ಮನೆಯ ಮಕ್ಕಳ ಸ್ವಭಾವದಂತೆ ಗೊತ್ತು. ಅಲೆಮಾರಿಯಾದ ಕಲಾವಿದನಿಗೆ ಬೆಲೆಯುಳ್ಳ ವಾದ್ಯಕ್ಕಿಂತ ಭಯವಿಲ್ಲದೆ ಹೊತ್ತೊಯ್ಯಬಹುದಾದ ವಾದ್ಯವೇ ಹೆಚ್ಚು ಬೆಲೆಯುಳ್ಳದ್ದು.

ಇದು ನಮ್ಮ ದೇಶಕ್ಕೇ ವಿಶೇಷವಾದುದೂ ಅಲ್ಲ. ಅಮೆರಿಕಾದಲ್ಲಿ ಸಿಯರ್ಸ್ ಎಂಬ ದೊಡ್ಡ ವರ್ತಕಸಂಸ್ಥೆ ‘ಸಿಲ್ವರ್‌ಟೋನ್’ ಎಂಬ ಹೆಸರಿನ ಅಗ್ಗದ ಗಿಟಾರುಗಳನ್ನು ಅಂಚೆಯ ಮೂಲಕ ಮಾರುತ್ತಿತ್ತು. 1960ರ ದಶಕದಲ್ಲಿ ಅವುಗಳಲ್ಲೊಂದನ್ನು ಒತ್ತುಹಲಗೆಯಿಂದ ಮಾಡಿ, ಅದನ್ನಿಡುವ ಪೆಟ್ಟಿಗೆಯಲ್ಲಿಯೇ ಧ್ವನಿವರ್ಧಕವನ್ನೂ ಅಳವಡಿಸಿದ್ದರು. ಕಲಿಯುವ ಹುಡುಗರಿಗೆಂದು ಮಾಡಿದ ಈ ಸಾಮಾನುಗಳ ಒರಟು ನಾದವನ್ನೇ ಮೆಚ್ಚಿ, ಊರೂರು ತಿರುಗುವ ವಾದಕರು ಮುಂದೆ ಅವನ್ನು ಹುಡುಕಿ ಕೊಂಡರು. ಅನಂತರ ಸಂಗ್ರಾಹಕರ ಕಣ್ಣು ಬಿದ್ದಿತು, ಬೆಲೆ ಏರಿತು, ಬಡ ವಾದಕನ ಗೆಳೆಯ ಗಾಜಿನ ಬೀರುವನ್ನು ಸೇರಿದ. ಈ ಕೊನೆಯ ಮಾತನ್ನು ತಾವು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ.

ವಿದ್ಯಾವಂತರಾದ ನಾವು ಹಾರ್ಮೋನಿಯಂ ವಿಷಯದಲ್ಲಿ ನಿಷ್ಪಕ್ಷಪಾತಿಗಳಾಗಿರಲಿಲ್ಲ. 1940ರ ಮಾರ್ಚಿಯಲ್ಲಿ ಅಖಿಲ ಭಾರತ ರೇಡಿಯೋ ಈ ವಾದ್ಯವನ್ನು ತನ್ನ ನಿಲಯಗಳಿಂದ ಹೊರಗಿಟ್ಟಿತು. ಆ ನಿಷೇಧ ಸಡಿಲವಾದುದು 1971ರಲ್ಲಿ. ಆಕ್ಷೇಪಣೆ ಹುರುಳಿಲ್ಲದ್ದೇನೂ ಅಲ್ಲ. ಒಂದು ಮನೆಯಿಂದ ಇನ್ನೊಂದಕ್ಕೆ ಜಾರುವುದಕ್ಕೆ ದಾರಿಯಿಲ್ಲದ್ದರಿಂದ ಗಮಕ ಅದಕ್ಕೆ ಒಗ್ಗದು. ಸ್ಥಾಯಿಯನ್ನು ಹನ್ನೆರಡು ಸಮಭಾಗಗಳಾಗಿ ಒಡೆಯುವ ಅದರ ಕ್ರಮಕ್ಕೂ ನಮ್ಮ ಶ್ರುತಿಗಳ ಸೂಕ್ಷ್ಮಕ್ಕೂ ಹೊಂದಿಕೆ ಸಾಲದು. ವೀಣೆಯ ಮುಂದಿಟ್ಟು ತೂಗಿದರೆ ಅದು ಸೋಲುವುದು ನಿಶ್ಚಯ. ಆದರೆ ತೂಗುವ ಸ್ಥಳ ಅದೇ ಆಗಬೇಕೆ? ಸಂಗೀತವನ್ನು ಎಂದೂ ಕಲಿಯದ ರೈತನೊಬ್ಬನು ಕಂದಪದ್ಯವನ್ನೆತ್ತಿ ಸಾವಿರ ಜನರ ಮುಂದೆ ನಿಲ್ಲುವಾಗ, ಅವನ ಕಂಠ ಅಲುಗಾಡದಂತೆ ಹಿಡಿಯುವ ಊರುಗೋಲು ಅದು. ಊರುಗೋಲನ್ನು ನೃತ್ಯವಾಡಲಿಲ್ಲವೆಂದು ಹಳಿಯುವುದು ನ್ಯಾಯವಲ್ಲ.

ಈಗ ಈ ಪೆಟ್ಟಿಗೆಗೆ ಎರಡು ಕಡೆಯಿಂದ ಅಪಾಯ ಒದಗಿದೆ. ವಿದ್ಯುತ್ ಕೀಬೋರ್ಡು ಹಗುರ. ಅದರ ಶ್ರುತಿ ಕೆಡದು. ಗುಂಡಿಯೊತ್ತಿದರೆ ಕೊಳಲೂ ಪಿಟೀಲೂ ಕೇಳುತ್ತವೆ. ಅದನ್ನು ಬಳಸುವ ತರುಣರನ್ನು ನಾನು ದೂರುವುದಿಲ್ಲ. ಆದರೆ ಅದರೊಳಗಿನ ಫಲಕ ಸುಟ್ಟರೆ ಅಲಗೂ ಕಾಗದದ ಚೂರೂ ಕೆಲಸಕ್ಕೆ ಬಾರವು. ಆ ಮಾದರಿಯ ತಯಾರಿಕೆ ನಿಂತಿದ್ದರೆ ವಾದ್ಯವನ್ನೇ ಎಸೆಯಬೇಕು. ಕೆಟ್ಟುದನ್ನು ಸರಿಮಾಡುವ ಸ್ವಾತಂತ್ರ್ಯ ಕಲಾವಿದನ ಕೈಯಿಂದ ತಪ್ಪಿಹೋಗುತ್ತದೆ. ಇನ್ನೊಂದು ಅಪಾಯ ನಮ್ಮ ಆದರದಿಂದಲೇ ಬರತಕ್ಕದ್ದು. ಹಳೆಯ ಕಾಲು ಹಾರ್ಮೋನಿಯಂ ಈಗ ಪಡಸಾಲೆಯ ಅಲಂಕಾರಕ್ಕೆ ಒಪ್ಪುವ ವಸ್ತುವಾಗಿದೆ. ಹಾಗೆ ಮೂಲೆ ಹಿಡಿದ ವಾದ್ಯ ಪುನಃ ಕುರುಕ್ಷೇತ್ರದ ರಾತ್ರಿಯನ್ನು ಕಾಣುವುದಿಲ್ಲ. ಅದರ ಜೊತೆಗೆ, ನಾಲಗೆ ಕೆರೆದು ಶ್ರುತಿಗೂಡಿಸುವ ಕುಶಲಿಗೂ ಕೆಲಸವಿಲ್ಲವಾಗುತ್ತದೆ. ವಾದ್ಯವನ್ನು ಉಳಿಸಿ ವಿದ್ಯೆಯನ್ನು ಕಳೆದುಕೊಂಡರೆ ಉಳಿದುದು ಬರಿಯ ಮರ.

ಆದುದರಿಂದ ನನ್ನ ಕೋರಿಕೆ ದೊಡ್ಡದೇನೂ ಅಲ್ಲ. ತಮ್ಮ ಹಿರಿಯರ ಪೆಟ್ಟಿಗೆಯೊಂದು ಅಟ್ಟದ ಮೇಲಿದ್ದರೆ ಅದನ್ನು ಗುಜರಿಗೂ ಪ್ರದರ್ಶನಕ್ಕೂ ಕೊಡದೆ, ನುಡಿಸುವವರಿಗೆ ಕೊಡಿರಿ. ಕೊಡುವ ಮುನ್ನ ದುರಸ್ತಿಗಾರನಿಗೆ ತೋರಿಸಿ, ಅವನು ಕೇಳಿದ ಕೂಲಿಯನ್ನು ಚೌಕಾಸಿಯಿಲ್ಲದೆ ಸಲ್ಲಿಸಿರಿ. ಮುಂದಿನ ಸುಗ್ಗಿಯಲ್ಲಿ ಬೆಟ್ಟದಪುರದ ಕಡೆಗೋ ಚುಂಚನಕಟ್ಟೆಯ ಕಡೆಗೋ ಹೋದಾಗ, ರಾತ್ರಿಯ ನಾಟಕವೊಂದರ ಮುಂದೆ ಒಂದು ಗಳಿಗೆ ನಿಂತು, ದುರ್ಯೋಧನನ ಕಿರೀಟದಿಂದ ಕಣ್ಣು ತೆಗೆದು ರಂಗದ ಮಗ್ಗುಲನ್ನು ನೋಡಿರಿ. ಸವೆದ ಮನೆಗಳ ಮೇಲೆ ಒಂದು ಕೈ ಓಡುತ್ತಿರುತ್ತದೆ. ಇನ್ನೊಂದು ಕೈ ಎಡೆಬಿಡದೆ ಗಾಳಿಯೂಡುತ್ತಿರುತ್ತದೆ. ಆ ಗಾಳಿ ನಿಂತರೆ ಅರಸರ ಆರ್ಭಟವೂ ನಿಲ್ಲುವುದೆಂಬುದನ್ನು ರಂಗದ ಮೇಲಿರುವ ಅರಸರೆಲ್ಲರೂ ಬಲ್ಲರು.